ಬದರುನ್ನಿಸಾ ರದ್ದು ಮಾಡಿಸಿದ ಪುಸ್ತಕ

ನಾನು ಹಳಿಯಾಳ ತಾಲೂಕಿನ ಒಂದು ಪಂಚಾಯಿತಿಯ ಗ್ರಂಥಾಲಯ ನೋಡಿಕೊಳ್ಳುತ್ತೇನೆ. ಪಕ್ಕದ ಪಂಚಾಯಿತಿಯ ಗ್ರಂಥಾಲಯ ಬದರುನ್ನಿಸಾಳದು. ಆಕೆ ಸಿದ್ದಿ ಜನಾಂಗದವಳು. ಶತಮಾನಗಳ ಹಿಂದೆ ಆಫ್ರಿಕಾದಿಂದ ಗುಲಾಮರಾಗಿ ಬಂದು, ತಪ್ಪಿಸಿಕೊಂಡು ಈ ಕಾಡು ಸೇರಿದವರ ವಂಶ. ಬಣ್ಣ ಕಪ್ಪು, ಕೂದಲು ಗುಂಗುರು, ಕನ್ನಡ ಮಾತ್ರ ನಮಗಿಂತ ಖಡಕ್ಕು. ನಿಮ್ಮದು ಯಾವ ದೇಶ ಎಂದು ಯಾರಾದರೂ ಕೇಳಿದರೆ, "ಹಳಿಯಾಳ ತಾಲೂಕ ಅಂತ ಬರ್ಕೋರಿ. ಪಿನ್ ಕೋಡ್ ಬೇಕೇನ್ರಿ?" ಎನ್ನುತ್ತಾಳೆ.

ನಾನು ಆಕೆಯನ್ನು ಮೊದಲು ಕಂಡದ್ದು ದಾಂಡೇಲಿಯಲ್ಲಿ ನಡೆದ ಗ್ರಂಥಪಾಲಕರ ತರಬೇತಿಯಲ್ಲಿ. ಹಾಜರಿ ಹಾಕುತ್ತಿದ್ದವನು ಆಕೆಯನ್ನು ನೋಡಿದವನೇ, "ಚಹಾದ ಕೆಲಸ ಹಿಂದಿನ ಖೋಲ್ಯಾಗ ಐತವಾ" ಎಂದ. ಬದರುನ್ನಿಸಾ ಹೆಸರಿನ ಮುಂದೆ ಸಹಿ ಮಾಡಿ ಮೊದಲ ಸಾಲಿನಲ್ಲಿ ಹೋಗಿ ಕುಳಿತಳು. ಅವನ ಮಾತಿಗೆ ಉಳಿದವರ ಜೊತೆ ನಾನೂ ನಕ್ಕಿದ್ದೆ. ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಆಕೆಯ ಅಪ್ಪ ಮನ್ಸೂರ ಕಾಗದದ ಕಾರ್ಖಾನೆಗೆ ಬಿದಿರು ಕಡಿಯುತ್ತಿದ್ದವನು. ಆ ಕಾಗದದ ಮೇಲೆ ಏನು ಅಚ್ಚಾಗುತ್ತದೋ ಅದನ್ನು ಮಗಳಾದರೂ ಓದಲಿ ಎಂಬುದು ಅವನ ಹಟ. ಮಗಳು ಓದಿದಳು, ಪುಸ್ತಕಗಳ ನಡುವಿನ ನೌಕರಿಯನ್ನೇ ಹಿಡಿದಳು.

ಕಳೆದ ವರ್ಷ ಆಕೆಯ ಗ್ರಂಥಾಲಯಕ್ಕೆ ಮೆಹರೀನ ಎಂಬ ಎಂಟು ವರ್ಷದ ಹುಡುಗಿ ದಿನವೂ ಬರುತ್ತಿದ್ದಳು. ಸಿದ್ದಿಗಳ ಕೇರಿಯಿಂದ ಬರುತ್ತಿದ್ದ ಮಗು ಅದೊಂದೇ. ಅಲ್ಲೊಂದು ಹಳೆಯ ಚಿತ್ರಕಥೆಯ ಪುಸ್ತಕವಿತ್ತು. ಅದರಲ್ಲಿನ ರಾಕ್ಷಸನಿಗೆ ಕಪ್ಪು ಮುಖ, ಗುಂಗುರು ಕೂದಲು, ದಪ್ಪ ತುಟಿ. ಹುಡುಗರು ಚಿತ್ರ ನೋಡಿದರು, ಮೆಹರೀನಳನ್ನು ನೋಡಿದರು, ರಾಕ್ಷಸಿ ಎಂದು ಕರೆಯತೊಡಗಿದರು. ಆಕೆ ಬರುವುದನ್ನೇ ಬಿಟ್ಟಳು.

ಬದರುನ್ನಿಸಾ ಮನೆ ಹುಡುಕಿಕೊಂಡು ಹೋದಳು. ಮಗು ಒಳಗಿನಿಂದ ಹೊರಗೆ ಬರಲಿಲ್ಲ. ತಾಯಿ ಮಹೆಜಬೀನ ಹೇಳಿದಳು: "ಬೈದ ಹುಡುಗೂರಿಗೆ ನಾನೂ ಬೈದು ಬಂದೇನ್ರಿ. ಆದ್ರ ಈಕಿ, ಪುಸ್ತಕದಾಗ ಹಂಗ ಐತಲ್ಲ, ಪುಸ್ತಕ ಸುಳ್ಳ ಹೇಳ್ತಾವೇನು ಅಂತ ಕೇಳ್ತಾಳ. ನಾ ಓದಿದಾಕಿ ಅಲ್ಲ, ಏನ ಹೇಳ್ಲಿ?"

ಅಂದು ಸಂಜೆ ಬದರುನ್ನಿಸಾ ನನಗೆ ಫೋನ್ ಮಾಡಿ ಎಲ್ಲ ಹೇಳಿದಳು. "ನಿರ್ಮಲಾ, ನಿನ್ನ ಹಂತ್ಯಾಕ ಆ ಪುಸ್ತಕ ಐತೇನು?" ಇತ್ತು. ಹತ್ತು ವರ್ಷದಿಂದ ಮಕ್ಕಳ ಕೈಗೆ ಕೊಡುತ್ತಲೇ ಬಂದಿದ್ದೆ. ಆ ಚಿತ್ರದಲ್ಲಿನ ತಪ್ಪು ಒಮ್ಮೆಯೂ ಕಣ್ಣಿಗೆ ಬಿದ್ದಿರಲಿಲ್ಲ. ನನ್ನ ಮಗಳನ್ನು ಯಾರೂ ಆ ಹೆಸರಿನಿಂದ ಕರೆದಿರಲಿಲ್ಲ, ಅಷ್ಟೇ ಕಾರಣ.

"ಗೆದ್ದಲ ತಿಂತು ಅಂತ ಬರದು ತಗದ ಬಿಡ" ಎಂದೆ. ಆಕೆಗೆ ಸಿಟ್ಟು ನೆತ್ತಿಗೇರಿತು. "ಗೆದ್ದಲ ತಿಂದಿಲ್ಲಲ್ಲ! ಸುಳ್ಳ ಬರದು ಕದ್ದು ಯಾಕ ತಗೀಲಿ? ಖರೇ ಕಾರಣ ಬರದ ತಗೀತೇನಿ."

ಪುಸ್ತಕ ರದ್ದಾಗಿ ಪಟ್ಟಿಯಿಂದ ಹೊರಹೋಗಲು ಗ್ರಂಥಾಲಯ ಸಮಿತಿ ಒಪ್ಪಬೇಕು. ಹರಿದಿದೆ, ಕಳೆದಿದೆ, ಗೆದ್ದಲು ಹಿಡಿದಿದೆ, ಸಮಿತಿಗೆ ಗೊತ್ತಿದ್ದ ಕಾರಣಗಳು ಇವಿಷ್ಟೇ. ಸಭೆಯಲ್ಲಿ ಪಂಚಾಯಿತಿ ಅಧ್ಯಕ್ಷೆ ತಾಯವ್ವ ಇದ್ದರು, ಸದಸ್ಯ ಚನಬಸಪ್ಪ ಇದ್ದರು. ಚನಬಸಪ್ಪ ಎಂದರೆ ಪ್ರತಿ ಶ್ರಾವಣದಲ್ಲಿ ಮಠದಲ್ಲಿ ಪುರಾಣ ಓದುವ ಹಿರಿಯರು. ತಮ್ಮ ಕಂಠದ ಬಗ್ಗೆ ಅವರಿಗೆ ತುಸು ಹೆಮ್ಮೆ. ಜೊತೆಗಿರಲಿ ಎಂದು ನಾನೂ ಹೋಗಿದ್ದೆ.

ಬದರುನ್ನಿಸಾ ಮೆಹರೀನಳ ಸಂಗತಿ ಹೇಳಿ ಪುಸ್ತಕ ಮುಂದಿಟ್ಟಳು. ಚನಬಸಪ್ಪ ತಿರುವಿ ನೋಡಿದರು. "ಒಂದ ಹಾಳಿ ಹರದಿಲ್ಲ. ಕಥಿ ಅಲ್ಲೇನವಾ ಇದು? ಇಷ್ಟಕ್ಕೆಲ್ಲ ಮನಸಿಗೆ ಹಚ್ಚಿಕೊಂಡ್ರ ಹೆಂಗ?"

"ಆತ್ರಿ ಕಾಕಾ, ರದ್ದು ಬ್ಯಾಡ" ಎಂದಳು ಬದರುನ್ನಿಸಾ. "ಒಮ್ಮೆ ನಮಗೆಲ್ಲ ಗಟ್ಟಿಯಾಗಿ ಓದ್ರಿ. ನಿಮ್ಮ ಧ್ವನಿ ಛಲೋ ಐತಿ."

ಹಿರಿಯರು ಖುಷಿಯಿಂದ ಕನ್ನಡಕ ಏರಿಸಿದರು. ಏನು ಓದುತ್ತಾರೆ ಅಂತೀರಿ! ರಾಜ ಬಂದ, ಮಂತ್ರಿ ಬಂದ, ತಾಯವ್ವ ತಲೆದೂಗಿದರು. ಹನ್ನೊಂದನೆಯ ಪುಟದಲ್ಲಿ, "ಆಗ ಕಾಡಿನೊಳಗಿಂದ ಕಪ್ಪು ಮುಖದ, ಗುಂಗುರು ಕೂದಲಿನ..." ಎಂದವರು ತಲೆ ಎತ್ತಿದರು. ಎದುರಿಗೆ ಬದರುನ್ನಿಸಾ ಕುಳಿತಿದ್ದಳು. ಅವರು ಕನ್ನಡಕ ಒರೆಸಿಕೊಂಡು ಅದೇ ಸಾಲನ್ನು ಮೊದಲಿನಿಂದ ಹಿಡಿದರು. ಅಲ್ಲಿಗೇ ಬಂದು ನಿಂತರು.

"ಮುಂದ ಓದ್ರಿ" ಎಂದಳು ಆಕೆ.

"ಆಗವಲ್ದವಾ. ನಿನ್ನ ಮಾರಿ ನೋಡಿಕೋತ ಓದಾಕ ಆಗವಲ್ದು."

"ಆ ಕೂಸಿಗೆ ಹುಡುಗೂರು ದಿನಾ ಓದಿ ಹೇಳ್ತಿದ್ರು ನೋಡ್ರಿ."

ಚನಬಸಪ್ಪ ರದ್ದಾದ ಪುಸ್ತಕಗಳ ವಹಿಯನ್ನು ತಮ್ಮತ್ತ ಎಳೆದುಕೊಂಡು ಕಾರಣದ ಜಾಗದಲ್ಲಿ ತಾವೇ ಬರೆದರು: "ಗಟ್ಟಿಯಾಗಿ ಓದಲು ಆಗಲಿಲ್ಲ." ತಾಯವ್ವ ಸಹಿ ಹಾಕಿದರು. ಮರುವಾರ ನನ್ನ ಸಮಿತಿಯ ಮುಂದೆ ನನ್ನ ಪ್ರತಿಯನ್ನೂ ಇಟ್ಟೆ, ಅಲ್ಲೂ ಓದಿಸಿದೆ.

ಬದರುನ್ನಿಸಾ ಮತ್ತೆ ಮೆಹರೀನಳ ಮನೆಗೆ ಹೋದಳು. "ಪುಸ್ತಕದಾಗೂ ಸುಳ್ಳ ಇರ್ತಾವ. ಸುಳ್ಳ ಅಂತ ಗೊತ್ತಾತು, ತಗದ್ವಿ" ಎಂದು ಹೇಳಿ ಬಂದಳು. ಒಂದು ವಾರ ಕಳೆಯಿತು, ಮಗು ಬರಲಿಲ್ಲ. ಇಷ್ಟೆಲ್ಲ ಮಾಡಿಯೂ ಆ ಕೂಸು ಬರದೇ ಹೋದರೆ ಏನು ಮಾಡುವುದು ಎಂದು ನಮಗೆ ಸಂಕಟ.

ಶನಿವಾರ ನಾನು ಅಲ್ಲಿದ್ದಾಗಲೇ ಮೆಹರೀನ ಬಂದಳು. ಸೀದಾ ಮೇಜಿನ ಹತ್ತಿರ ಬಂದು, "ಎರಡ ಪುಸ್ತಕ ಕೊಡ್ರಿ" ಎಂದಳು.

"ಒಂದ ಸಲಕ್ಕ ಒಂದ ಪುಸ್ತಕ."

"ನಾ ಹತ್ತೊಂಬತ್ತ ದಿನ ಬಂದಿಲ್ಲ. ಅಷ್ಟ ದಿನದ ನನ್ನ ಪುಸ್ತಕ ಎಲ್ಲಾ ಎಲ್ಲಿ ಹ್ವಾದ್ವು?"

ಬದರುನ್ನಿಸಾ ನಿಯಮದ ವಿಷಯದಲ್ಲಿ ಬಲು ಜಿಗುಟು. ನನಗೇ ಎಂದೂ ಎರಡು ಕೊಟ್ಟವಳಲ್ಲ. ಆ ದಿನ ಮಾತ್ರ ಎರಡು ಬರೆದುಕೊಟ್ಟಳು. ಮೆಹರೀನ ಎರಡನ್ನೂ ಎದೆಗವಚಿಕೊಂಡು ಕಿಟಕಿಯ ಬಳಿ ಹೋಗಿ ಕುಳಿತಳು.

ಹಿಂದೆ ನಿಂತಿದ್ದ ಈರೇಶ ಬಾಯಿ ಮಾಡಿದ. ಮೆಹರೀನಳನ್ನು ರಾಕ್ಷಸಿ ಎಂದು ಕರೆದ ಹುಡುಗರಲ್ಲಿ ಅವನೂ ಒಬ್ಬ. "ಆಕಿಗಷ್ಟ ಎರಡ ಯಾಕ್ರಿ?"

"ನೀ ದಿನಾ ಬಂದಿ. ನಿನಗ ಯಾರೂ ಅಡ್ಡ ಬಂದಿಲ್ಲ."

ಅವನು ಮೇಜಿಗೆ ಇನ್ನಷ್ಟು ಹತ್ತಿರ ಬಂದ. "ಹಂಗಾರ ಆಕಿ ಒಂದ ಓದೂತನಕಾ ಇನ್ನೊಂದ ನನಗ ಕೊಡಸ್ರಿ."

"ಪುಸ್ತಕ ಆಕಿ ಹೆಸರಿಲೆ ಐತಿ. ಆಕೀನ್ನ ಕೇಳು."

ಈರೇಶ ಕಿಟಕಿಯವರೆಗೆ ಹೋಗಿ, ಮೊದಲ ಬಾರಿಗೆ ಆಕೆಯ ಸ್ವಂತ ಹೆಸರು ಹಿಡಿದು ಕರೆದ. "ಮೆಹರೀನಾ, ಅದನ್ನ ಕೊಡ್ತೀಯೇನ?"

ಆಕೆ ಪುಟದಿಂದ ತಲೆಯನ್ನೇ ಎತ್ತಲಿಲ್ಲ.

"ತಡಿಯೋ, ಓದಾಕತ್ತೇನಿ."