ಪ್ರೀಮೋ ಕೂರಬೇಕಾದ ಜಾಗ

ಪ್ರೀಮೋ ಬಲ್ಲರೀನಿಗೆ ದೇವರಲ್ಲಿ ಅಂಥ ನಂಬಿಕೆಯೇನೂ ಇರಲಿಲ್ಲ. ತನ್ನ ಮದುವೆಗೊಮ್ಮೆ, ಅಮ್ಮನ ಮಣ್ಣಿಗೊಮ್ಮೆ ಚರ್ಚಿನ ಮೆಟ್ಟಿಲು ಹತ್ತಿದ್ದ, ಅಷ್ಟೇ. ಆದರೆ ಫುಟ್‌ಬಾಲ್ ಪಂದ್ಯವಿರುವ ಗುರುವಾರ ಹೆಂಡತಿ ದೇಲಿಯಾ ಅವನ ಕಂದು ಸ್ವೆಟರನ್ನು ಒಗೆಯಲು ಹಾಕಿದಳೆಂದರೆ ಮನೆಗೆ ಬೆಂಕಿ ಬಿದ್ದವನ ಹಾಗೆ ಕೂಗಾಡುತ್ತಿದ್ದ. ಇಟಲಿಯ ನಮ್ಮೂರು ಮೊಂತೆಫಾರೋದಲ್ಲಿ ಇದನ್ನು ಯಾರೂ ಹುಚ್ಚು ಎನ್ನುವುದಿಲ್ಲ. ಇಲ್ಲಿ ಪಾದ್ರಿ ಕೂಡ ಪಂದ್ಯದ ದಿನ ಅಪಶಕುನ ತಟ್ಟದಿರಲೆಂದು ಜೇಬಿನೊಳಗೆ ಕೈಹಾಕಿ ಕಬ್ಬಿಣದ ಬೀಗದ ಕೈ ಮುಟ್ಟಿಕೊಳ್ಳುತ್ತಾರೆ.

ಕೂದಲು ಕಪ್ಪಿದ್ದಾಗಿನಿಂದ ಪಿಂಚಣಿ ಬರುವ ತನಕ ಅವನು ಬೂಟಿನ ಕಾರ್ಖಾನೆಯಲ್ಲಿ ಚರ್ಮ ಕತ್ತರಿಸಿದ. ಅವನು ಕತ್ತರಿಸಿದ್ದನ್ನು ದೇಲಿಯಾ ಮನೆಯ ಕಿಟಕಿಯ ಪಕ್ಕ ಮಿಷನ್ನಿನ ಮುಂದೆ ಕೂತು ಹೊಲಿದಳು. ಮಕ್ಕಳಾಗಲಿಲ್ಲ. ಅದಕ್ಕಾಗಿ ಮೊದಮೊದಲು ಅತ್ತರು, ಆಮೇಲೆ ಆ ಮಾತನ್ನೇ ಬಿಟ್ಟರು. ವಾರವೆಲ್ಲ ಅಂಟಿನ ವಾಸನೆ, ಭಾನುವಾರ ಫುಟ್‌ಬಾಲು. ಮದುವೆಯ ಹೊಸತರಲ್ಲಿ ಅವಳನ್ನೂ ಒಮ್ಮೆ ಕರೆದುಕೊಂಡು ಹೋಗಿದ್ದ. ಎರಡೂ ಕಡೆ ಗೋಲಿಲ್ಲದ ಆ ಪಂದ್ಯದಿಂದ ಅವಳಿಗೆ ಸಿಕ್ಕಿದ್ದು ಒಂದು ನೆಗಡಿ. ಮತ್ತೆ ಹೋಗಲಿಲ್ಲ. ಆದರೆ ಮನೆ ಇದ್ದದ್ದು ಕ್ರೀಡಾಂಗಣದ ಹಿಂದಿನ ಬೀದಿಯಲ್ಲೇ. ಒಲೆಯ ಮುಂದೆ ನಿಂತು ಬರೀ ಕೂಗು ಕೇಳಿಯೇ ಗೋಲು ನಮ್ಮದೋ ಅವರದೋ, ಗಂಡ ಬಂದು ಊಟ ಮಾಡುತ್ತಾನೋ ಮುಖ ತಿರುವಿಕೊಂಡು ಮಲಗುತ್ತಾನೋ ಎಂದು ಹೇಳಬಲ್ಲವಳಾಗಿದ್ದಳು.

ಮುಖ ತಿರುವಿಕೊಂಡು ಮಲಗಿದ್ದೇ ಹೆಚ್ಚು. ನಮ್ಮ ತಂಡ ಅವನ ಹರೆಯವನ್ನೆಲ್ಲ ಮೂರನೆಯ ದರ್ಜೆಯ ಕೆಸರಿನಲ್ಲೇ ಕಳೆಯಿತು. ಕೊನೆಗೂ ಮೊದಲನೆಯ ದರ್ಜೆಗೆ ಹತ್ತಿ, ಯಾರ ಪುಣ್ಯವೋ ಏನೋ, ಇಟಲಿಯ ಕಪ್ಪನ್ನೂ ಗೆದ್ದು, ಆ ಗೆಲುವಿನ ಬಲದಿಂದ ಯುರೋಪಿನ ಪಂದ್ಯಾವಳಿಗೆ ಹೋದಾಗ ಪ್ರೀಮೋಗೆ ಎಪ್ಪತ್ತು ಸಮೀಪಿಸಿತ್ತು. "ಸಾಯೋದ್ರೊಳಗೆ ಇದೊಂದು ನೋಡ್ಬೇಕಿತ್ತು," ಎಂದಿದ್ದ. ಆಗ ಅದು ಎಲ್ಲರೂ ಆಡುವ ಮಾತು.

ಯುರೋಪಿನ ಪಂದ್ಯಗಳು ನಡೆಯುವುದು ಗುರುವಾರ. ಸೆಪ್ಟೆಂಬರಿನ ಮೊದಲ ಪಂದ್ಯಕ್ಕೆ ಡೆನ್ಮಾರ್ಕಿನ ತಂಡ ಬಂದಿತ್ತು. ಗೋಲಿನ ಹಿಂದಿನ ಗ್ಯಾಲರಿಯಲ್ಲಿ ಪ್ರೀಮೋ ತನ್ನ ಗೆಳೆಯ, ಕ್ಷೌರದಂಗಡಿಯ ಎಲ್ವಿಯೋನ ಎಡಗಡೆ ಕೂತ. ಎಲ್ವಿಯೋಗೆ ಬಲಗಿವಿ ಮಂದ, ಅದಕ್ಕೇ ಎಡಗಡೆ, ಬೇರೆ ಕಾರಣವಿಲ್ಲ. ಎಲ್ವಿಯೋನ ಬಲಕ್ಕೆ ಪೀಠೋಪಕರಣದಂಗಡಿಯ ದಾರಿಯೋ. ಪ್ರೀಮೋ ತೊಟ್ಟದ್ದು ಕಂದು ಸ್ವೆಟರು, ಕಟ್ಟಿಸಿಕೊಂಡು ಹೋದದ್ದು ಈರುಳ್ಳಿ ಆಮ್ಲೆಟ್ ಇಟ್ಟ ಬ್ರೆಡ್ಡು. ಆಟ ಮುಗಿಯುವ ಹೊತ್ತಿಗೆ ನಮ್ಮವರು ಒಂದು ಗೋಲು ಹೊಡೆದು ಗೆದ್ದುಬಿಟ್ಟರು. ಅಲ್ಲಿಗೆ ಮೂವರ ಕೈಕಾಲಿಗೂ ಕಟ್ಟುಬಿತ್ತು. ಅಂದಿನಿಂದ ಏನೂ ಬದಲಾಗಕೂಡದು. ಅದೇ ದಾರಿ, ಅದೇ ಸ್ವೆಟರು, ಅದೇ ಬ್ರೆಡ್ಡು, ಅದೇ ಸಾಲು. ಪರದೇಶದ ಪಂದ್ಯವಾದರೆ ಎಲ್ವಿಯೋನ ಅಂಗಡಿಯ ಟಿವಿ ಮುಂದೆ, ಅಲ್ಲೂ ಪ್ರೀಮೋ ಎಡಕ್ಕೇ. 'ಫೈನಲ್' ಎಂಬ ಮಾತನ್ನು ಯಾರೂ ಬಾಯಲ್ಲಿ ಆಡಕೂಡದು.

ನವೆಂಬರಿನಲ್ಲಿ ದಾರಿಯೋ ಮಗಳ ಮದುವೆಯೆಂದು ಒಂದು ಪಂದ್ಯ ತಪ್ಪಿಸಿದ. ಅವತ್ತು ಎರಡು ಗೋಲು ತಿಂದು ನಮ್ಮವರು ಪಂದ್ಯಾವಳಿಯಿಂದಲೇ ಹೊರಬೀಳುವುದರಲ್ಲಿದ್ದರು. ಎಲ್ವಿಯೋ ವಾರವಿಡೀ ದಾರಿಯೋನ ಗಡ್ಡ ಹೆರೆಯಲಿಲ್ಲ. "ಮಗಳಿಗೆ ಮದ್ವೆ ಆಗೋಕೆ ಶನಿವಾರ ಸಿಗ್ಲಿಲ್ವೇನೋ?" ಎಂದು ಬೀದಿಯಲ್ಲೇ ಮೂದಲಿಸಿದ. ಪ್ರೀಮೋ ಮನೆಗೆ ಬಂದು ಇದನ್ನು ಹೇಳಿಕೊಂಡು ನಕ್ಕ. ದೇಲಿಯಾ ನಗಲಿಲ್ಲ.

"ಅಲ್ಲ ಮಾರಾಯ, ಗುರುವಾರ ನೀನು ಕೂತಿದ್ದಕ್ಕೇ ಗೆಲ್ತಾರೆ ಅಂತೀಯಲ್ಲ, ಭಾನುವಾರವೂ ಅದೇ ಅಂಡು ತಾನೇ ಅಲ್ಲಿ ಕೂರೋದು? ಭಾನುವಾರ ಯಾಕೆ ಸೋಲ್ತಾರೆ?"

"ಭಾನುವಾರದ್ದು ಬೇರೆ ಲೆಕ್ಕ ಕಣೇ. ಭಾನುವಾರ ನಾನು ಬೇರೆ ಪ್ಯಾಂಟು ಹಾಕ್ಕೊಂಡಿರ್ತೀನಿ."

ಅವಳು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಗುರುವಾರ ಯುರೋಪನ್ನು ನಡುಗಿಸಿದ ಹುಡುಗರು ಭಾನುವಾರ ಇಟಲಿಯ ಲೀಗಿನಲ್ಲಿ ಕಾಲೆಳೆದುಕೊಂಡು ಆಡುತ್ತಿದ್ದರು. ಇದ್ದ ಹತ್ತಿಪ್ಪತ್ತು ಆಟಗಾರರೇ ಎರಡೂ ಕಡೆ ಓಡಬೇಕು, ಎಷ್ಟು ಓಡಿಯಾರು? ಪಟ್ಟಿಯ ತಳಕ್ಕೆ ಇಳಿಯುತ್ತಲೇ ಹೋದರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬ ಸ್ಥಿತಿ ನಮ್ಮದಾಯಿತು. ಆದರೂ ಊರಿಗೆ ಊರೇ ಆ ಹೂವನ್ನೇ ಮೂಸುತ್ತ ಕೂತಿತ್ತು.

ಕ್ರಿಸ್ಮಸ್ ಕಳೆದ ಮೇಲೆ ಪ್ರೀಮೋಗೆ ಹೊಟ್ಟೆನೋವು ಶುರುವಾಯಿತು. ಊಟ ಅರ್ಧಕ್ಕೆ ಬಿಡುತ್ತಿದ್ದ. ಒಂದು ದಿನ ಬಚ್ಚಲಲ್ಲಿ ರಕ್ತ ಕಂಡು ದೇಲಿಯಾ ಅವನನ್ನು ಎಳೆದುಕೊಂಡು ಅಂಕೋನಾದ ದೊಡ್ಡಾಸ್ಪತ್ರೆಗೆ ಹೋದಳು. ಅಲ್ಲಿನ ಡಾಕ್ಟರಮ್ಮ ಸಣ್ಣ ವಯಸ್ಸಿನವಳು, ಸುತ್ತಿಬಳಸದೆ ಹೇಳಿದಳು: ಕರುಳಿನಲ್ಲಿ ಗೆಡ್ಡೆ. ಈಗಲೇ ತೆಗೆದರೆ ಬದುಕುವ ಸಾಧ್ಯತೆ ಚೆನ್ನಾಗಿದೆ, ಬಿಟ್ಟರೆ ಹಬ್ಬುತ್ತದೆ. ಫೆಬ್ರವರಿಯಲ್ಲಿ ಆಪರೇಷನ್ನಿಗೆ ಒಂದು ದಿನ ಗೊತ್ತು ಮಾಡಿದರು. ಸ್ಲೋವೇನಿಯಾದ ತಂಡದ ಜೊತೆ ಯುರೋಪಿನ ಮುಂದಿನ ಪಂದ್ಯವೂ ಆ ವಾರವೇ ಇತ್ತು.

ಆ ದಿನ ಹತ್ತಿರ ಬಂದಾಗ ಆಸ್ಪತ್ರೆಯಿಂದಲೇ ಮನೆಗೆ ಫೋನು ಬಂತು. ಯಜಮಾನರ ಫ್ಲೂ ವಾಸಿಯಾಯಿತೇ, ಬೇರೆ ದಿನ ಕೊಡೋಣವೇ ಎಂದು ಕೇಳಿದರು. ದೇಲಿಯಾ ಫೋನು ಇಟ್ಟು, ಹೊಲಿಯುತ್ತಿದ್ದ ಬಟ್ಟೆಯನ್ನು ಮಡಚಿ, ಗಂಡನ ಎದುರು ಹೋಗಿ ನಿಂತಳು.

"ಫ್ಲೂ ಅಂದ್ಯಾ? ನಿಂಗೆ ಫ್ಲೂ?"

"ಮತ್ತೇನ್ ಹೇಳ್ಲಿ? ಪಂದ್ಯ ಇದೆ ಅಂದ್ರೆ ಆ ಹುಡುಗಿ ಒಪ್ತಾಳಾ?"

"ಕರುಳು ಕೊಳೀತಾ ಇದೆ ಪ್ರೀಮೋ! ನಿನ್ನ ಕರುಳು!"

"ಕರುಳು ಎಲ್ಲಿ ಓಡಿಹೋಗುತ್ತೆ? ಏಪ್ರಿಲ್‌ನಲ್ಲೂ ಇಲ್ಲೇ ಇರುತ್ತೆ. ಸ್ಲೋವೇನಿಯಾದವ್ರು ಏಪ್ರಿಲ್‌ವರೆಗೆ ಕಾಯ್ತಾರಾ?"

ಅವಳು ಕೈಯಲ್ಲಿದ್ದ ಬಟ್ಟೆಯನ್ನು ಅವನ ಮುಖಕ್ಕೆ ಎಸೆದಳು. ಮದುವೆಯಾದಂದಿನಿಂದ ಅವಳು ಅವನ ಮೇಲೆ ಏನನ್ನಾದರೂ ಎಸೆದದ್ದು ಅದೇ ಮೊದಲು. ಅವನು ಅದನ್ನು ಎತ್ತಿ ಮೇಜಿನ ಮೇಲಿಟ್ಟು ಮೆಲ್ಲಗೆ ಹೇಳಿದ: "ಕೇಳು. ಆಪರೇಷನ್ ಅಂದ್ರೆ ತಿಂಗಳುಗಟ್ಟಲೆ ಹಾಸಿಗೆ. ನಾನು ಏಳೋ ಹೊತ್ತಿಗೆ ಎಲ್ಲ ಮುಗಿದಿರುತ್ತೆ. ನಾನಿಲ್ಲದಾಗ ಸೋತ್ರೆ, ಆ ಮೂತಿಗಳನ್ನ ನಾನು ಹೇಗೆ ನೋಡ್ಲಿ? ನಂಗೂ ಆಮೇಲೆ ಹೇಗೆ ನಿದ್ದೆ ಬರುತ್ತೆ? ನಮ್ಮೂರಿಗೆ ಇನ್ನೊಂದ್ಸಲ ಇಂಥದ್ದು ಬರೋದಿಲ್ಲ ದೇಲಿಯಾ."

ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸಂಬಂಧ ಹಚ್ಚುವವರು ಎಲ್ಲ ಊರಲ್ಲೂ ಇದ್ದಾರೆ. ಇವನು ತಾನೇ ಆ ಕಾಗೆ ಎಂದುಕೊಂಡಿದ್ದ, ಮತ್ತು ಕೊಂಬೆ ಬಿಟ್ಟು ಏಳಲು ಹೆದರುತ್ತಿದ್ದ.

ದೇಲಿಯಾ ಎಲ್ವಿಯೋನ ಅಂಗಡಿಗೆ ಹೋದಳು. ಕುರ್ಚಿಯಲ್ಲಿದ್ದ ಗಿರಾಕಿ ಎದ್ದು ಹೋಗುವ ತನಕ ಬಾಗಿಲಲ್ಲೇ ನಿಂತಿದ್ದು, ಆಮೇಲೆ ಎಲ್ಲವನ್ನೂ ಹೇಳಿದಳು. ಎಲ್ವಿಯೋಗೆ ಗೆಳೆಯನಿಗೆ ಹುಷಾರಿಲ್ಲ ಎಂಬುದಷ್ಟೇ ಗೊತ್ತಿತ್ತು. ಮುಖ ಬಿಳಿಚಿಕೊಂಡಿತು.

"ನೀನು ಹೇಳಿದ್ರೆ ಕೇಳ್ತಾನೆ ಎಲ್ವಿಯೋ. ನೀನಿಲ್ದಿದ್ರೂ ನಡೆಯುತ್ತೆ, ಹೋಗಿ ಮಲಕ್ಕೋ ಅಂತ ಒಂದೇ ಒಂದು ಮಾತು ಹೇಳು."

"ಹೇಳ್ತೀನಿ. ಹೇಳದೆ ಇರ್ತೀನಾ? ಆದ್ರೆ..." ಅವನ ಕೈ ತಾನಾಗಿಯೇ ಕತ್ತರಿಯ ಕಬ್ಬಿಣವನ್ನು ಹಿಡಿದುಕೊಂಡಿತು. "ಅಕಸ್ಮಾತ್ ಸೋತ್ರೆ?"

"ಸೋತ್ರೆ ಸೋಲ್ಲಿ! ಸಾಯೋದಕ್ಕಿಂತ ಸೋಲೋದು ವಾಸಿ ಅಲ್ವೇನೋ?"

"ಅಯ್ಯೋ, ಆ ಮಾತು ಆಡ್ಬೇಡ," ಎಂದ ಎಲ್ವಿಯೋ. ಯಾವ ಮಾತಿಗೆ ಹೆದರಿದನೋ, ಸಾವಿಗೋ ಸೋಲಿಗೋ, ಅವಳಿಗೆ ತಿಳಿಯಲಿಲ್ಲ.

ಮಾತು ಕೊಟ್ಟ ಹಾಗೆ ಮರುದಿನ ಬಂದ. ಕಾಫಿ ಕುಡಿದ. ಹೇಳಿದ್ದೂ ಹೇಳಿದ: "ಹೋಗಿ ಮಾಡಿಸ್ಕೋ ಪ್ರೀಮೋ. ನಾವು ಹೇಗೋ ನೋಡ್ಕೋತೀವಿ." ಆದರೆ ಹೇಳುವಾಗ ಕಣ್ಣು ನೆಲದ ಮೇಲಿತ್ತು, ಕೈ ಜೇಬಿನೊಳಗಿತ್ತು. ಬಾಲ್ಯದಿಂದ ಜೊತೆಗಿದ್ದವನಿಗೆ ಅಷ್ಟು ಸಾಲದೇ? "ಸುಮ್ನಿರೋ," ಎಂದು ನಕ್ಕ ಪ್ರೀಮೋ, "ನಿನ್ನ ಎಡಗಿವಿಗೆ ಬೈಯೋಕೆ ಬೇರೆ ಯಾರಿದಾರೆ?" ಎಲ್ವಿಯೋನ ಮುಖ ಅರಳಿತು. ಆ ಅರಳಿದ ಮುಖವನ್ನು ದೇಲಿಯಾ ಅಡುಗೆಮನೆಯ ಬಾಗಿಲಿನಿಂದ ಕಣ್ಣಾರೆ ಕಂಡಳು.

ಸ್ಲೋವೇನಿಯಾದವರು ಕೊನೆಯ ಗಳಿಗೆಯಲ್ಲಿ ಹೊಡೆದ ಚೆಂಡು ಗೋಲಿನ ಕಂಬಕ್ಕೆ ಬಡಿದು ಹೊರಗೆ ಹೋಯಿತು, ಅವರು ಸೋತರು. ಮಾರ್ಚಿನಲ್ಲಿ ಬೆಲ್ಜಿಯಮ್ಮಿನವರು ಸೋತರು. ಪ್ರೀಮೋ ಸ್ವೆಟರಿನೊಳಗೆ ದಿನದಿನಕ್ಕೂ ಸಣ್ಣಗಾಗುತ್ತ ಹೋದ. ಆಮ್ಲೆಟ್ ಬ್ರೆಡ್ಡು ಅವನ ಹೊಟ್ಟೆಗೆ ಸೇರುತ್ತಿರಲಿಲ್ಲ, ಆದರೂ ಕಟ್ಟಿಕೊಡಬೇಕಿತ್ತು. ಅವಳು ಅಳುತ್ತ ಈರುಳ್ಳಿ ಹೆಚ್ಚಿ ಕಟ್ಟಿಕೊಟ್ಟಳು. ಅವಳನ್ನು ಯಾರೂ ದೂರಬೇಡಿ. ಬಾಗಿಲಿಗೆ ಬೀಗ ಹಾಕಿ ನೋಡಿದ್ದಳು, ಊಟ ಬಿಟ್ಟು ನೋಡಿದ್ದಳು. ಹಟಮಾರಿ ಗಂಡನನ್ನು ಹೊತ್ತುಕೊಂಡು ಹೋಗಿ ಆಪರೇಷನ್ ಮೇಜಿನ ಮೇಲೆ ಮಲಗಿಸಲು ಯಾವ ಹೆಂಡತಿಯಿಂದ ಆದೀತು?

ಸೆಮಿಫೈನಲ್ ದಿನ ಎಲ್ವಿಯೋ ಮತ್ತು ದಾರಿಯೋ ಅವನ ಎರಡೂ ತೋಳು ಹಿಡಿದು ಗ್ಯಾಲರಿಯ ಮೆಟ್ಟಿಲು ಹತ್ತಿಸಿದರು. ನಮ್ಮವರು ಗೆದ್ದರು. ಇಡೀ ಗ್ಯಾಲರಿ ಎದ್ದು ಕುಣಿಯುವಾಗ ಪ್ರೀಮೋ ಏಳಲಿಲ್ಲ. ಖುಷಿಗೆ ಕೂತಿದ್ದಾನೆ ಎಂದುಕೊಂಡರು. ಪ್ರಜ್ಞೆ ತಪ್ಪಿತ್ತು.

ಅಂಕೋನಾದಲ್ಲಿ ಅದೇ ಡಾಕ್ಟರಮ್ಮ ಹೊಟ್ಟೆ ತೆರೆದು ನೋಡಿ, ಏನನ್ನೂ ತೆಗೆಯದೆ ಮುಚ್ಚಿದಳು. ದೇಲಿಯಾಳನ್ನು ಹೊರಗೆ ಕರೆದು ಕೈಹಿಡಿದುಕೊಂಡಳು. ಹಬ್ಬಿಬಿಟ್ಟಿತ್ತು.

ಮೇ ತಿಂಗಳ ಕೊನೆಯ ಭಾನುವಾರ ನಮ್ಮ ತಂಡ ಲೀಗಿನ ಕಡೆಯ ಪಂದ್ಯವನ್ನೂ ಸೋತು ಎರಡನೆಯ ದರ್ಜೆಗೆ ಬಿತ್ತು. ಅದೇ ವಾರ ಬುಧವಾರ ಪ್ರಾಗ್ ನಗರದಲ್ಲಿ ಯುರೋಪಿನ ಫೈನಲ್. ಎಲ್ವಿಯೋ, ದಾರಿಯೋ ಹೋದರು. ಪ್ರೀಮೋಗೆ ನೋವಿನ ಇಂಜೆಕ್ಷನ್ ಕೊಟ್ಟು ಮಲಗಿಸಿದ್ದರು, ಅವನಿಗೆ ಬುಧವಾರವೇ ತಿಳಿಯಲಿಲ್ಲ. ದೇಲಿಯಾ ಫೋನು ಮುಚ್ಚಿಟ್ಟಳು. ಜೀವಮಾನದಲ್ಲಿ ಮೊದಲ ಸಲ ನಮ್ಮ ತಂಡ ಸೋಲಲಿ ಎಂದು ಬೇಡಿಕೊಂಡಳು. ಅವನಿಲ್ಲದೆ ಸೋತರೆ ಅವನು ಕಾಯ್ದುಕೊಂಡ ಜಾಗಕ್ಕೆ ಒಂದು ಬೆಲೆಯಾದರೂ ಉಳಿಯುತ್ತಿತ್ತು.

ಬೆಳಿಗ್ಗೆ ಎಲ್ವಿಯೋ ವಿಮಾನ ಇಳಿದವನೇ ನೇರ ಆಸ್ಪತ್ರೆಗೆ ಬಂದ. ಗಂಟಲು ಹರಿದುಹೋಗಿತ್ತು, ಕಣ್ಣು ಕೆಂಪಾಗಿತ್ತು. ದೇಲಿಯಾ ಬಾಗಿಲಿಗೆ ಅಡ್ಡ ಬರುವ ಮೊದಲೇ ಒಳಗೆ ನುಗ್ಗಿ ಗೆಳೆಯನ ಕೈ ಹಿಡಿದುಕೊಂಡ.

"ಗೆದ್ವಿ ಕಣೋ ಪ್ರೀಮೋ! ಎರಡು-ಒಂದು! ಕಪ್ ನಮ್ದು!"

ಪ್ರೀಮೋನ ಮುಖದಲ್ಲಿ ಬಂದ ಆ ಬೆಳಕನ್ನು ಇಲ್ಲವೆನ್ನಲಾಗದು. ನಕ್ಕ. ಕೆನ್ನೆಯ ಮೇಲೆ ನೀರಿಳಿಯಿತು. ಎರಡೂ ಗೋಲುಗಳನ್ನು ಎಲ್ವಿಯೋನಿಂದ ಮತ್ತೆ ಮತ್ತೆ ಹೇಳಿಸಿದ. ಆಮೇಲೆ ಕೇಳಿದ: "ನಿನ್ನ ಎಡಗಡೆ ಯಾರಿದ್ರು?"

"ಯಾವನೋ ಡುಮ್ಮ. ಪಂದ್ಯ ಪೂರ್ತಿ ಸೂರ್ಯಕಾಂತಿ ಬೀಜದ ಸಿಪ್ಪೆ ಉಗೀತಾ ಕೂತಿದ್ದ, ಎಲ್ಲ ನನ್ನ ಬೂಟಿನ ಮೇಲೆ!" ಎಂದು ಎಲ್ವಿಯೋ ನಗಾಡಿದ. ತಾನು ಏನು ಹೇಳಿದೆನೆಂದು ಅವನಿಗೆ ಹೊಳೆಯಲಿಲ್ಲ. ಊರಲ್ಲಿ ಕಪ್ಪಿನ ಮೆರವಣಿಗೆಯಿದೆಯೆಂದು ಗೆಳೆಯನ ಹಣೆಗೆ ಮುತ್ತಿಟ್ಟು ಓಡಿದ.

ಪ್ರೀಮೋ ಹೆಂಡತಿಯ ಕಡೆ ತಿರುಗಿದ.

"ದೇಲಿಯಾ. ನನ್ನ ಜಾಗದಲ್ಲಿ ಯಾವನೋ ಡುಮ್ಮ ಕೂತಿದ್ನಂತೆ."

"ಹೂಂ. ಕೇಳಿಸ್ತು."

"ಆದ್ರೂ ಗೆದ್ರು. ಹಾಗಾದ್ರೆ ಫೆಬ್ರವರಿಯಲ್ಲೇ ನಾನು..."

ಮಾತು ಅಲ್ಲಿಗೇ ನಿಂತಿತು. ಫೆಬ್ರವರಿಯಿಂದ ಅವಳ ನಾಲಗೆಯ ತುದಿಯಲ್ಲಿ ಒಂದು ಮಾತು ಕಾದು ಕೂತಿತ್ತು: ನಾನು ಹೇಳಿರಲಿಲ್ವಾ? ಪಾತ್ರೆ ತೊಳೆಯುವಾಗ, ಬಸ್ಸಿನಲ್ಲಿ, ಆಸ್ಪತ್ರೆಯ ಮೆಟ್ಟಿಲ ಮೇಲೆ ಅದನ್ನು ಎಷ್ಟು ಸಲ ಹೇಳಿಕೊಂಡಿದ್ದಳೋ. ಈಗ ಅವನೇ ದಾರಿ ತೆರೆದುಕೊಟ್ಟಿದ್ದ. ಅವಳು ಅವನ ಮುಖ ನೋಡಿದಳು. ಸಾಯುವುದಕ್ಕೆ ಅವನು ಹೆದರಿರಲಿಲ್ಲ. ಸುಮ್ಮಸುಮ್ಮನೆ ಸಾಯುತ್ತಿದ್ದೇನೆಂದು ಹೆದರಿದ್ದ.

"ಎಂಥ ಹಾಗಾದ್ರೆ?" ಎಂದಳು ದೇಲಿಯಾ, ಗದರಿಸುವ ದನಿಯಲ್ಲೇ. "ನಿನ್ನೆ ಆಡಿದ್ದು ಒಂದು ಪಂದ್ಯ. ಅಲ್ಲೀವರೆಗೆ ಅವ್ರನ್ನ ಮುಟ್ಟಿಸಿದ್ದು ಯಾರು? ಆ ಡುಮ್ಮನಾ? ಸ್ಲೋವೇನಿಯಾದವ್ರ ಚೆಂಡು ಕೊನೇಲಿ ಕಂಬಕ್ಕೆ ಬಡೀಲಿಲ್ವಾ? ನೀನು ಅಲ್ಲಿ ಇರದೆ ಹೋಗಿದ್ರೆ ಒಳಗೇ ಹೋಗ್ತಿತ್ತು."

"ನೀನು ಇದನ್ನೆಲ್ಲ ನಂಬೋಳಲ್ವಲ್ಲೇ."

"ಈಗ ನಂಬ್ತೀನಿ."

ಅವನು ಅವಳ ಮುಖವನ್ನೇ ದಿಟ್ಟಿಸಿದ. ಅವಳು ಕಣ್ಣು ತಪ್ಪಿಸಲಿಲ್ಲ.

"ಕಂಬಕ್ಕೇ ಬಡೀತು, ಅಲ್ವಾ?"

"ಕಂಬಕ್ಕೇ."

"ಕೂದಲೆಳೆ ಕಣೇ," ಎಂದು ಪ್ರೀಮೋ ಕಣ್ಣು ಮುಚ್ಚಿಕೊಂಡ. ಅವನ ಉಸಿರು ಒಂದೇ ಸಮವಾದ ಮೇಲೆ ಅವಳು ಹೊರಗೆ ಬಂದು, ಗೋಡೆಗೆ ತಲೆ ಆನಿಸಿ, ಕೋಟಿನ ತೋಳನ್ನು ಕಚ್ಚಿಕೊಂಡು ಅತ್ತಳು.

ಜೂನಿನಲ್ಲಿ ಅವನು ಹೋದ. ಮೆರವಣಿಗೆಯ ಬಣ್ಣದ ಕಾಗದ ಇನ್ನೂ ಬೀದಿಯ ಚರಂಡಿಗಳಲ್ಲಿತ್ತು. ಮಣ್ಣಿನ ದಿನ ಚರ್ಚಿನ ಬಾಗಿಲಲ್ಲಿ ಎಲ್ವಿಯೋ ಅವಳ ಹತ್ತಿರ ಬಂದು, ಟೋಪಿ ಕೈಯಲ್ಲಿ ಹಿಡಿದು, "ಅವತ್ತು ನಾನು ಅವನ ಮುಖ ನೋಡಿ ಸರಿಯಾಗಿ ಹೇಳ್ಬೇಕಿತ್ತು ದೇಲಿಯಾ," ಎಂದ.

"ಹೌದು, ಹೇಳ್ಬೇಕಿತ್ತು," ಎಂದಳು.

ಅವನು ಇನ್ನೊಂದು ಮಾತಿಗಾಗಿ ಕಾದು ನಿಂತ. ಅವಳ ಹತ್ತಿರ ಕೊಡಲು ಸಮಾಧಾನದ ಮಾತೇನೂ ಉಳಿದಿರಲಿಲ್ಲ. ಇದ್ದದ್ದನ್ನೆಲ್ಲ ಆಸ್ಪತ್ರೆಯಲ್ಲಿ ಗಂಡನಿಗೆ ಕೊಟ್ಟು ಬಂದಿದ್ದಳು.