ಕಳಿಂಗನ ಕೊಕ್ಕು

ಕಾಂತಾ ಬಹ್ರೇನಿನ ಡಿಪ್ಲೊಮ್ಯಾಟಿಕ್ ಏರಿಯಾದ ಎಂಜಿನಿಯರಿಂಗ್ ಆಫೀಸೊಂದರಲ್ಲಿ ಹತ್ತೊಂಬತ್ತು ವರ್ಷಗಳಿಂದ ಕಟ್ಟಡದ ನಕ್ಷೆ ಬರೆಯುತ್ತಿದ್ದಳು. ಕಾರ್ಕಳದ ಕಡೆಯವಳು. ಗುಫೂಲಿನ ಫ್ಲ್ಯಾಟಿನಲ್ಲಿ ಒಬ್ಬಳೇ ವಾಸ. ಮಾತು ಕಡಿಮೆ, ಆಡಿದರೆ ತಾಗುವಂಥದ್ದು.

ಅವಳ ಕೈಚಳಕ ಕೇಳಿ ಜಯಪಾಲ ಹುಡುಕಿಕೊಂಡು ಬಂದರು. ಬ್ಯಾಂಕಿನಿಂದ ನಿವೃತ್ತರಾಗಿ ಅದ್ಲಿಯಾದಲ್ಲಿ ಮಗನ ವಿಲ್ಲಾದಲ್ಲಿದ್ದ ಅವರು, ಪ್ರಾಚೀನ ಈಜಿಪ್ಟಿನ ಸಮಾಧಿಗಳ ಗೋಡೆಯ ಮೇಲಿರುವ ಪ್ರಾಣಿಪಕ್ಷಿಗಳ ಬಗ್ಗೆ ಪುಸ್ತಕ ಬರೆಯುತ್ತಿದ್ದರು. ಫೋಟೊ ನೋಡಿ ಇದು ಇಂಥ ಹಕ್ಕಿ ಎಂದು ಗುರುತಿಸುವುದು ಅವರ ಪಾಲು. ಮಾಸಿದ ಚಿತ್ರವನ್ನು ಹೊಸದಾಗಿ ಬರೆಯುವುದು ಇವಳ ಪಾಲು. ಶುಕ್ರವಾರ ಬೆಳಿಗ್ಗೆ ಅವರ ಊಟದ ಮೇಜಿನ ಮೇಲೆ ಕೆಲಸ. ಮೊದಲ ವಾರದಿಂದಲೇ ಇಬ್ಬರಿಗೂ ಆಗಿಬರಲಿಲ್ಲ. ಅವಳ ಹೆಗಲ ಹಿಂದೆ ನಿಂತು ಅವರು ಉಸಿರು ಬಿಡುವುದೇ ಅವಳಿಗೆ ಹಿಂಸೆ.

ಜಗಳ ಹತ್ತಿದ್ದು ಗೋಡೆಚಿತ್ರವೊಂದರಲ್ಲಿ ಜಾಲಿ ಮರದ ಮೇಲೆ ಕುಳಿತ ಒಂದು ಹಕ್ಕಿಗಾಗಿ.

"ಇದು ಕೆಂಬಾಲ. ಬಾಲಕ್ಕೆ ಕೆಂಪು ಹಾಕಿ," ಎಂದರು ಜಯಪಾಲ.

"ಕೆಂಬಾಲದ ಕೊಕ್ಕು ಸೂಜಿ ಹಾಗೆ ಇರ್ತದೆ. ಇದರದ್ದು ತುದಿಯಲ್ಲಿ ಬಗ್ಗಿದೆ. ಕಣ್ಣಿಗೆ ಕಪ್ಪು ಪಟ್ಟಿ ಉಂಟು. ಇದು ಕಳಿಂಗ."

"ನೀವು ಬಾತ್‌ರೂಮಿನ ಪೈಪ್ ಬರೆಯುವವರು. ಹಕ್ಕಿ ವಿಷಯ ನನಗೆ ಬಿಡಿ."

ಕಾಂತಾ ಕುಂಚ ತೊಳೆದಿಟ್ಟು ಎದ್ದುಹೋದಳು.

ಆಫೀಸಿನ ಡ್ರೈವರ್ ಸುಲೈಮಾನ್‌ಗೆ ಬುದಯ್ಯಾ ರಸ್ತೆಯ ತೋಟವೊಂದರ ಪರಿಚಯವಿತ್ತು. ಏಪ್ರಿಲ್‌ನಲ್ಲಿ ವಲಸೆ ಹಕ್ಕಿಗಳು ಇಳಿಯುವ ಹೊತ್ತಿಗೆ ಅವಳು ಮೂರು ಶನಿವಾರ ಅಲ್ಲಿ ಬಿಸಿಲಿನಲ್ಲಿ ಕುಳಿತಳು. ಮೂರನೆಯ ಶನಿವಾರ ಕಳಿಂಗ ಬಂತು. ಮಿಡತೆಯೊಂದನ್ನು ಬೋರೆ ಮರದ ಮುಳ್ಳಿಗೆ ಚುಚ್ಚಿ, ಹರಿದು ಹರಿದು ತಿಂದಿತು. ಆ ಕೊಕ್ಕನ್ನು ಅವಳು ಹನ್ನೊಂದು ಸಲ ಬರೆದುಕೊಂಡಳು.

ಮುಂದಿನ ಶುಕ್ರವಾರ ಆ ಹಾಳೆಗಳನ್ನು ಮುಂದಿಟ್ಟಾಗ ಜಯಪಾಲ ಕನ್ನಡಕ ಏರಿಸಿ ನೋಡಿದರು. "ಇದು ಬಹ್ರೇನಿನ ಹಕ್ಕಿ. ಈಜಿಪ್ಟಿನದ್ದಲ್ಲ."

"ಅಲ್ಲಿಗೂ ಹೋಗ್ತದೆ. ನಿಮ್ಮ ಕಪಾಟಿನ ಹಕ್ಕಿ ಪುಸ್ತಕದಲ್ಲೇ ಉಂಟು, ಓದಿ."

ಅವಳು ಕಳಿಂಗನನ್ನೇ ಬರೆದಳು.

ಚಳಿಗಾಲದಲ್ಲಿ ಅಚ್ಚಿಗೆ ಹೋಗಲಿದ್ದ ಪುಟಗಳು ಅವಳ ಫೋನಿಗೆ ಬಂದವು. ಆ ಹಕ್ಕಿಯ ಕೆಳಗೆ, 'ಕಳಿಂಗ. ಬಹ್ರೇನಿನ ತೋಟವೊಂದರಲ್ಲಿ ನಾನು ಕಣ್ಣಾರೆ ಕಂಡು ದೃಢಪಡಿಸಿಕೊಂಡದ್ದು' ಎಂದಿತ್ತು. ಕೊನೆಯ ಪುಟದಲ್ಲಿ, 'ಬಣ್ಣ ತುಂಬಿದವರು: ಕಾಂತಾ ಮತ್ತಿತರರು.'

ಸಂಜೆ ಆಫೀಸಿನಿಂದ ನೇರ ಅದ್ಲಿಯಾಕ್ಕೆ ಹೋದಳು.

"ಮತ್ತಿತರರು ಯಾರು?"

"ಅದು ಬರೆಯುವ ಕ್ರಮ. ನಿಮಗೆ ಗೊತ್ತಾಗ್ಲಿಕ್ಕಿಲ್ಲ."

"ತೋಟಕ್ಕೆ ನೀವು ಯಾವತ್ತು ಹೋದದ್ದು?"

ಜಯಪಾಲರ ಮುಖ ಬಿಗಿಯಿತು. "ಪುಸ್ತಕ ನನ್ನದು. ನೀವು ಬಣ್ಣ ಹಚ್ಚಿದ್ದು, ಅಷ್ಟೆ."

ಕಾಂತಾ ಕಪಾಟು ತೆರೆದು ತನ್ನ ಮೂವತ್ತೊಂದು ಚಿತ್ರಗಳನ್ನು ತೆಗೆದಳು. ಅವರು ಮೇಲಿನ ಹಾಳೆಯ ತುದಿ ಹಿಡಿದರು. ಇಬ್ಬರೂ ಬಿಡಲಿಲ್ಲ. ಚಂದ್ರಮುಕುಟ ಹಕ್ಕಿಯ ಚಿತ್ರ ನಡುವೆ ಹರಿಯಿತು. ಬಾಲದ ಭಾಗ ಅವರ ಕೈಯಲ್ಲೇ ಉಳಿಯಿತು. "ನನ್ನದೊಂದೂ ಅಚ್ಚಾಗ್ಬಾರದು," ಎಂದು ಅವಳು ಉಳಿದದ್ದನ್ನು ಕಂಕುಳಲ್ಲಿಟ್ಟುಕೊಂಡು ಹೊರಟುಬಂದಳು. ಕ್ಷಮೆ ಯಾರೂ ಕೇಳಲಿಲ್ಲ.

ಪುಸ್ತಕ ಬರೀ ಫೋಟೊಗಳೊಂದಿಗೆ ಬಂತು. ಕಳಿಂಗನನ್ನು ಕಣ್ಣಾರೆ ಕಂಡ ಸುಳ್ಳು ಹಾಗೆಯೇ ಇತ್ತು. ಬಿಡುಗಡೆಗೆ ಅವಳನ್ನು ಕರೆಯಲಿಲ್ಲ, ಕರೆದಿದ್ದರೂ ಅವಳು ಹೋಗುತ್ತಿರಲಿಲ್ಲ.

ಈಗ ಅವಳು ಅದೇ ಸಮಾಧಿಗಳ ಗೋಡೆಯ ಮೀನುಗಳನ್ನು ಬರೆಯುತ್ತಿದ್ದಾಳೆ, ಯಾರನ್ನೂ ಕೇಳದೆ. ಶನಿವಾರ ಮನಾಮಾದ ಮಾರ್ಕೆಟ್ಟಿಗೆ ಹೋಗಿ ಒಂದೊಂದೇ ಮೀನನ್ನು ಎತ್ತಿ ಬೆನ್ನಿನ ಮುಳ್ಳು ಎಣಿಸುತ್ತಾಳೆ. ಕೊಳ್ಳದೆ ಮುಟ್ಟುತ್ತಾಳೆಂದು ಮಾರುವವರು ಗದರಿಸುತ್ತಾರೆ. ಅವಳು ಎಣಿಸಿ ಮುಗಿಸಿಯೇ ಕೆಳಗಿಡುತ್ತಾಳೆ.