ವಾರಕ್ಕೆ ಎರಡು ಬರಹ

ವಾರಕ್ಕೆ ಎಷ್ಟು ಬರೆಯುತ್ತೀರಿ ಎಂದು ಯಾರಾದರೂ ಕೇಳಿದರೆ ಇವತ್ತಿಗೂ ನನಗೆ ಮೈಯೆಲ್ಲ ಉರಿಯುತ್ತದೆ. ಕೇಳಿದವರ ತಪ್ಪೇನಿಲ್ಲ. ಆ ಹುಚ್ಚು ಒಂದು ಕಾಲಕ್ಕೆ ನನ್ನ ತಲೆಗೇ ಏರಿತ್ತು. ಅದು ಇಳಿಯುವಷ್ಟರಲ್ಲಿ ಒಬ್ಬಳ ಕೆಲಸ ಕೆಟ್ಟಿತ್ತು.

ಗಜೇಂದ್ರಗಡದಲ್ಲಿ ನಮ್ಮದು ಸೀರೆ ಅಂಗಡಿ. ಊರಿಗೆ ಸೈಬರ್ ಕೆಫೆ ಬಂದ ಹೊಸತರಲ್ಲಿ ಅಲ್ಲಿ ಕೂತು ಅಂಗಡಿಯ ಹೆಸರಿನಲ್ಲಿ ಒಂದು ಬ್ಲಾಗ್ ಶುರು ಮಾಡಿದೆ. ಕೈಮಗ್ಗದ ಬಗ್ಗೆ ಬರೆದರೆ ದೂರದೂರಿನ ಗಿರಾಕಿಗಳು ಬರುತ್ತಾರೆಂಬ ಆಸೆ. ಮೊದಮೊದಲು ಮನಸ್ಸು ಬಂದಾಗ ಬರೆಯುತ್ತಿದ್ದೆ, ಚೆನ್ನಾಗಿಯೇ ಬರೆಯುತ್ತಿದ್ದೆ. ಆಮೇಲೆ ಹುಬ್ಬಳ್ಳಿಯಲ್ಲಿ ಕಂಪ್ಯೂಟರ್ ಕಲಿತು ಬಂದ ನನ್ನ ಭಾವ, ಗುರಿ ಇಲ್ಲದೆ ಬ್ಲಾಗ್ ಬೆಳೆಯುವುದಿಲ್ಲ ಎಂದು ಉಪದೇಶ ಮಾಡಿದರು. ಸ್ವತಃ ಒಂದು ಪತ್ರ ನೆಟ್ಟಗೆ ಬರೆದವರಲ್ಲ ಅವರು. ವಾರಕ್ಕೆ ಎರಡು ಬರಹ, ಪ್ರತಿಯೊಂದಕ್ಕೂ ಫೋಟೋ, ಓದುಗರು ಏನಾದರೂ ಕೇಳಿದರೆ ಅದೇ ವಾರ ಉತ್ತರ. ಅಂಗಡಿಯ ಕ್ಯಾಲೆಂಡರಿನಲ್ಲಿ ಬರೆದಿಟ್ಟೆ. ಒಂದು ಮುಗಿದರೆ ಒಂದು ಕೆಂಪು ಗುರುತು. ಆ ಗುರುತುಗಳ ಸಾಲು ನೋಡಿಕೊಂಡು ಎಂಥ ಬಿಂಕ ನನಗೆ!

ನಮ್ಮ ಅಂಗಡಿಗೆ ನೇಯುತ್ತಿದ್ದವರಲ್ಲಿ ನನ್ನ ತಾಯಿಯ ವಯಸ್ಸಿನ ಒಬ್ಬ ಮುಸ್ಲಿಂ ಹೆಣ್ಣುಮಗಳಿದ್ದಳು. ನಾನು ಚಾಚಿ ಎನ್ನುತ್ತಿದ್ದೆ. ಅವಳು ಹೊಸ ಅಂಚು ಹಚ್ಚಿದಳೆಂದರೆ, ಸೀರೆ ನೇಯಲು ಹೇಳಿದವರ ಕೈ ಸೇರುವ ತನಕ ನೇಯ್ದ ಭಾಗದ ಮೇಲೆ ಹಳೆಯ ಧೋತರ ಮುಚ್ಚಿರುತ್ತಿದ್ದಳು. ಪಕ್ಕದ ಮನೆಯ ನೇಕಾರರು ಬಂದರೂ ಅದನ್ನು ಎತ್ತುತ್ತಿರಲಿಲ್ಲ. ನೂಲು ಕೊಡುವ ಮನೆಯವನೆಂದು ನನಗೊಬ್ಬನಿಗೆ ಸಲಿಗೆ.

ಆ ವರ್ಷ ರೋಣದ ಒಂದು ದೊಡ್ಡ ಮನೆತನದವರು ಮದುವೆಗೆಂದು ಒಂದೇ ಅಂಚಿನ ಐದು ಸೀರೆ ಹೇಳಿದ್ದರು. ಆ ಅಂಚು ಬೇರೆ ಯಾರ ಮೈಮೇಲೂ ಇರಬಾರದೆಂಬ ಕರಾರು. ಚಾಚಿ ಎಷ್ಟೋ ದಿನ ಎಳೆ ಎಣಿಸಿ, ಬಿಚ್ಚಿ, ಮತ್ತೆ ಎಣಿಸಿ ಆ ಅಂಚು ಕೂಡಿಸಿದ್ದಳು. ಆ ವಾರ ನನಗೆ ಬರೆಯಲು ಏನೂ ಹೊಳೆದಿರಲಿಲ್ಲ. ಅವಳು ಚಹಾ ಮಾಡಲು ಒಳಗೆ ಹೋದಾಗ ಧೋತರ ಸರಿಸಿ ಕ್ಯಾಮೆರಾ ಒತ್ತಿದೆ. ದೂರದಿಂದೊಂದು, ಹತ್ತಿರದಿಂದೊಂದು.

ಮೊದಲನೆಯದನ್ನು ಹಾಕಿದ ಮರುದಿನವೇ ಯಾರೋ ಅಪರಿಚಿತರು ಭಾಳ ಹೊಗಳಿ, ಇನ್ನೂ ಹತ್ತಿರದ ಫೋಟೋ ಇದ್ದರೆ ಹಾಕಿ ಎಂದು ಬರೆದರು. ನಾನು ಹಿಗ್ಗಿ ಹೀರೇಕಾಯಿಯಾದೆ. ಎರಡನೆಯದನ್ನೂ ಹಾಕಿ, ಅದನ್ನೇ ವಾರದ ಎರಡನೆಯ ಬರಹವೆಂದು ಕ್ಯಾಲೆಂಡರಿನಲ್ಲಿ ಗುರುತು ಮಾಡಿದೆ. ನಾಚಿಕೆಗೆಟ್ಟವನು.

ಚಾಚಿಯ ಮಗ್ಗದ ಮೇಲೆ ಮೂರನೆಯ ಸೀರೆ ಇದ್ದಾಗ ರೋಣದವರು ಉಳಿದ ಜವಳಿ ತರಲು ನರಗುಂದಕ್ಕೆ ಹೋದರು. ಅಲ್ಲಿ ಒಂದು ಅಂಗಡಿಯ ಬಾಗಿಲಲ್ಲೇ ಪವರ್‌ಲೂಮಿನಲ್ಲಿ ನೇಯ್ದ ಅದೇ ಅಂಚಿನ ಸೀರೆಗಳು ತೂಗಾಡುತ್ತಿದ್ದವಂತೆ. ಆ ಮನೆಯ ಹಿರಿಯಳು ನೆಟ್ಟಗೆ ಚಾಚಿಯ ಮನೆಗೆ ಬಂದು, ಪೇಟೆಗೆಲ್ಲ ಕೊಟ್ಟಿದ್ದನ್ನು ನಮಗೆ ಹೊಸದೆಂದು ದಾಟಿಸುತ್ತೀಯಾ ಎಂದು ಓಣಿಯವರ ಮುಂದೆ ಅಂದು, ಐದೂ ಬೇಡವೆಂದು ಹೋದಳು.

ನಾನು ಕಳ್ಳನನ್ನು ಹಿಡಿದೇ ತೀರುತ್ತೇನೆಂದು ಹಲ್ಲು ಕಡಿಯುತ್ತ ನರಗುಂದದ ಬಸ್ ಹತ್ತಿದೆ. ಆ ಅಂಗಡಿಯವನು ಏನನ್ನೂ ಮುಚ್ಚಿಡಲಿಲ್ಲ.

"ನೇಯ್ದು ಕಳಿಸಿದವ್ರಿಗೆ ಡಿಸೈನ್ ಇಂಟರ್ನೆಟ್ಟಿನ್ಯಾಗ ಸಿಕ್ಕೇತಂತ್ರಿ," ಎಂದ. "ಗಜೇಂದ್ರಗಡದವ್ರ ಯಾರೋ ಹಾಕ್ಯಾರಂತ, ಎಳಿ ಎಣಿಸೋಹಂಗ."

ತಿರುಗಿ ಬಂದವನು ಮನೆಗೆ ಹೋಗದೆ ಚಾಚಿಯ ಎದುರು ಕೂತು ಎಲ್ಲ ಹೇಳಿದೆ. ಅವಳು ಬೈದಿದ್ದರೆ, ಕೈಯೆತ್ತಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಫೋಟೋದ ಕೆಳಗೆ ಏನು ಬರೆದಿದ್ದೆ ಎಂದಷ್ಟೇ ಕೇಳಿದಳು. ನಮ್ಮ ಅಂಗಡಿಯ ಹೊಸ ಅಂಚು ಎಂದು ಬರೆದಿದ್ದೆ ಅಂದೆ.

"ನಾ ಹಚ್ಚಿದ ಅಂಚು ಅಂತ ಬರೀಲಿಲ್ಲೇನು ಬೇಟಾ?"

ಬರೆದಿರಲಿಲ್ಲ. ಎರಡು ಸಲ ಹಾಕಿದ್ದೆ, ಎರಡು ಸಲವೂ ಬರೆದಿರಲಿಲ್ಲ.

ಚಾಚಿ ಎದ್ದು ಮಗ್ಗದ ಮೇಲಿನ ಧೋತರ ತೆಗೆದಳು. ನಾಲ್ಕು ಮಡಿಕೆ ಮಾಡಿ ನನ್ನ ಕೈಗಿಟ್ಟು, ಬಾಗಿಲು ತೆರೆದಿದ್ದಂತೆಯೇ ಲಾಳಿ ಹಿಡಿದು ಕೂತಳು. ಆಮೇಲೆ ಅವಳು ನೇಯ್ದದ್ದೆಲ್ಲ ಹಳೆಯ ಅಂಚುಗಳೇ.